ಪುಕ್ಕಟೆ ಕಾಗದ

ಸಹಿ ಹಾಕಿ ಎಂದು ಕೈಗೆ ಕೊಟ್ಟ ಅರ್ಜಿಯನ್ನು ಪೆರ್ನೆ ತಾತ ಓದಲೇ ಇಲ್ಲ. ಹೆಬ್ಬೆರಳಿನಿಂದ ಅಂಚು ಸವರಿದ, ಮೂಸಿ ನೋಡಿದ, ಎದ್ದು ಕಿಟಕಿಯ ಬೆಳಕಿಗೆ ಹಿಡಿದ. ನಲವತ್ತು ವರ್ಷ ಪ್ಯಾರಿಸಿನ ಅದೇ ಬೀದಿಯಲ್ಲಿ ಕಾಗದ ಮಾರಿದವನು, ಚಾಳಿ ಎಲ್ಲಿ ಬಿಡುತ್ತದೆ?

"ಮದುವೆ ಬಟ್ಟೆ ನೋಡೋ ಹಾಗೆ ನೋಡ್ತೀರಲ್ಲ ತಾತ!" ಅನ್ಸೆಲ್ಮ್ ಚಡಪಡಿಸಿದ. "ಐದು ಗಂಟೆಗೆ ನಗರಸಭೆ ಬಾಗಿಲು ಹಾಕ್ತಾರೆ. ಇವತ್ತೇ ಕಡೇ ದಿನ."

ಅನ್ಸೆಲ್ಮನದು ಕೈಗವಸಿನ ಅಂಗಡಿ, ಅಪ್ಪನ ಕಾಲದ್ದು. ಎದುರಿಗೆ 'ಮೂರು ಹಂಸ' ಎಂಬ ಭಾರೀ ಮಳಿಗೆ; ಸೂಜಿಯಿಂದ ಮಂಚದವರೆಗೆ ಎಲ್ಲವೂ ಒಂದೇ ಸೂರಿನಡಿ. ಈಗ ಅದರ ಕಣ್ಣು ಈ ಅಂಗಡಿ ಸಾಲಿನ ಮೇಲೂ ಬಿದ್ದಿತ್ತು. ಅರ್ಜಿ ಹೋಗದಿದ್ದರೆ ಬೇಸಿಗೆಯೊಳಗೆ ಇಡೀ ಸಾಲು ನೆಲಸಮ. ಹತ್ತು ಸಹಿ ಆಗಲೇ ಬಿದ್ದಿದ್ದವು. ಆದರೆ ಆ ಮಳಿಗೆಯ ದೆಸೆಯಿಂದ ಮೊಟ್ಟಮೊದಲು ಅಂಗಡಿ ಮುಚ್ಚಿದವನು ಪೆರ್ನೆ. ಅವನ ಸಹಿಯಿಲ್ಲದ ಅರ್ಜಿ ಉಪ್ಪಿಲ್ಲದ ಸಾರು.

"ಮೇಲ್ಗಡೆ ಎರಡು ಬೆರಳಿನಷ್ಟು ಕತ್ತರಿಸಿದ್ದೀಯಲ್ಲ, ಯಾಕೋ?" ಎಂದ ಪೆರ್ನೆ.

"ಅದಾ? ಮಸಿ ಚೆಲ್ಲಿತ್ತು."

"ಓನೊರಿನ್, ಬಾಮ್ಮ ಇಲ್ಲಿ. ಏನು ಕಾಣುತ್ತೆ ಹೇಳು."

ಅನ್ಸೆಲ್ಮನ ಹೆಂಡತಿ ಹೊಲಿಗೆ ಬಿಟ್ಟು ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಬೆಳಕಿಗೆ ಹಿಡಿದರಷ್ಟೇ ಕಾಣುವ ಅಚ್ಚು ಕಾಗದದ ಒಡಲಲ್ಲಿತ್ತು. 'ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿರುವ ಈ ರಾಕ್ಷಸ ಮಳಿಗೆ' ಎಂದು ಗಂಡ ಮುದ್ದಾಗಿ ಬರೆದ ಸಾಲಿನ ನಟ್ಟನಡುವೆ ಮೂರು ಹಂಸಗಳು ಕತ್ತು ಕೊಂಕಿಸಿಕೊಂಡು ತೇಲುತ್ತಿದ್ದವು.

"ಅಯ್ಯೋ ದೇವರೇ! ಹಾಗಾದ್ರೆ ದಿನಾ ಮಧ್ಯಾಹ್ನ ಇಗರ್ಜಿಗೆ ಹೋಗ್ತೀನಿ ಅಂತಿದ್ದಿದ್ದು?"

"ಆ ಮಳಿಗೇಲಿ ಓದೋ ಕೋಣೆ ಅಂತ ಒಂದಿದೆ ಕಣೇ. ಪತ್ರಿಕೆ ಪುಕ್ಕಟೆ, ಮೇಲ್ಗಡೆ ಅವರ ಹೆಸರು ಅಚ್ಚಾದ ಕಾಗದಾನೂ ಪುಕ್ಕಟೆ. ಶತ್ರು ಏನು ಮಾಡ್ತಾನೆ ಅಂತ ನೋಡ್ಕೊಂಡು ಬರೋಣ ಅಂತ..."

"ಅಲ್ಲಿ ಕೊಡೋ ಪುಕ್ಕಟೆ ಶರಬತ್ತೂ ಕುಡಿದ್ಯಾ?" ಎಂದ ಪೆರ್ನೆ.

"ಒಂದೇ ಒಂದು ಲೋಟ ತಾತ."

"ನಾನು ಆ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ ಅಂದಿದ್ರಲ್ರೀ! ನಿಮ್ಮ ಕಾಲು ಯಾರು ಮುರೀಬೇಕು?"

ಪೆರ್ನೆ ಗೊಳ್ಳನೆ ನಕ್ಕ. ಆಮೇಲೆ ನಗು ನಿಂತಿತು. "ಅಂಗಡಿ ಮುಚ್ಚೋಕೆ ಮುಂಚೆ ಎರಡು ವರ್ಷ ನನ್ನ ಹತ್ರ ಒಂದು ಹಾಳೇನೂ ಕೊಳ್ಳಲಿಲ್ಲ ನೀನು. ಪಾಪ, ಅನ್ಸೆಲ್ಮನಿಗೆ ಪತ್ರ ಬರೆಯೋಕೆ ಯಾರೂ ಉಳಿದಿಲ್ಲ ಅಂದ್ಕೊಂಡಿದ್ದೆ."

ಅನ್ಸೆಲ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಗಡಿಯಾರ ನಾಲ್ಕು ಹೊಡೆಯಿತು.

"ಇದನ್ನ ಕೊಟ್ರೆ ನಗರಸಭೆಯವರು ಹೊಟ್ಟೆ ಹಿಡ್ಕೊಂಡು ನಗ್ತಾರೆ," ಎಂದಳು ಓನೊರಿನ್. "ಬೇರೆ ಹಾಳೇಲಿ ಬರೀರಿ. ಹತ್ತು ಅಂಗಡೀನೂ ಇದೇ ಸಾಲಲ್ಲಿವೆ, ಓಡಿಹೋಗಿ ಸಹಿ ಹಾಕಿಸ್ಕೊಂಡು ಬನ್ನಿ."

ಬೇರೆ ಹಾಳೆ ಎಲ್ಲಿಂದ ಬರಬೇಕು? ಮೇಜಿನ ಖಾನೆ ತಡಕಿದರೆ ಅಲ್ಲೂ ಹಂಸಗಳೇ. ಅನ್ಸೆಲ್ಮ್ ಟೋಪಿ ಸಿಕ್ಕಿಸಿಕೊಂಡು, "ಒಂದು ನಿಮಿಷ, ಪೆರ್ನೆ ಅಂಗಡಿಯಿಂದ ತಂದುಬಿಟ್ಟೆ!" ಎನ್ನುತ್ತಾ ಬಾಗಿಲವರೆಗೆ ಓಡಿದವನು ಅಲ್ಲೇ ನಿಂತುಬಿಟ್ಟ. ಮುಚ್ಚಿಹೋದ ಆ ಅಂಗಡಿಯ ಪೆರ್ನೆ ಅವನ ಹಿಂದೆಯೇ ನಿಂತಿದ್ದ.

ಓನೊರಿನ್ ಶಾಲು ಹೊದ್ದಳು. "ನಾನು ತರ್ತೀನಿ ಬಿಡಿ. ಎದುರು ಮಳಿಗೇಲೇ, ಎರಡನೇ ಮಹಡಿ, ರಿಬ್ಬನ್ನು ಮಾರೋ ಕಡೆ ದಾಟಿ ಎಡಕ್ಕೆ. ಹಂಸ ಇಲ್ಲದ ಹಾಳೆ ಅಲ್ಲಿ ದುಡ್ಡಿಗೆ ಸಿಗುತ್ತೆ."

"ನಿನಗೆ ಹೇಗೇ ಗೊತ್ತು?"

"ಯಾಕೆ, ಶತ್ರು ಏನು ಮಾಡ್ತಾನೆ ಅಂತ ನಾನು ನೋಡ್ಬಾರದಾ?"

ಅವಳು ಹೊಸ್ತಿಲು ದಾಟುವ ಹೊತ್ತಿಗೆ ಪೆರ್ನೆ ತಾತ ಅರ್ಜಿಯ ಅಂಚನ್ನು ಇನ್ನೊಮ್ಮೆ ಸವರಿ ಗಂಟಲು ಸರಿಮಾಡಿಕೊಂಡ.

"ಓನೊರಿನ್... ನನಗೂ ಒಂದು ದಸ್ತು ಹಾಳೆ ತಾರಮ್ಮ. ಹಾಳಾದ್ದು, ಕಾಗದ ಮಾತ್ರ ಚೆನ್ನಾಗಿದೆ."