ಒರತೆಯ ಆಚೆಗಿನ ಬಾಂದುಕಲ್ಲು

ಮುಂದಿಟ್ಟ ಬಿಸಿ ಚಾಕೊಲೇಟನ್ನು ಕಸಿಮಿರೋ ಮುಟ್ಟಲಿಲ್ಲ. ದೋನ್ ಬಸಿಲಿಯೋಗೆ ಅಷ್ಟೇ ಸಾಕಾಯಿತು. ಮುದುಕ ತನ್ನನ್ನು ಮಾರಿಕೊಂಡಿದ್ದಾನೆ.

ಬಸಿಲಿಯೋ ಗೋಡೆಗೆ ಒರಗಿಸಿದ್ದ ಬಂದೂಕನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಬಸಿಲಿಯೋನ ಚೊಚ್ಚಲ ಮಗನನ್ನು ಚರ್ಚಿನಲ್ಲಿ ಎತ್ತಿ ಹಿಡಿದು ಹೆಸರಿಡಿಸಿದವನು ಇದೇ ಕಸಿಮಿರೋ. ಅಂದಿನಿಂದ ಒಬ್ಬರಿಗೊಬ್ಬರು 'ಕಂಪಾದ್ರೆ'. ಒಡಹುಟ್ಟಿದವರಿಗಿಂತ ಮಿಗಿಲಾದ ನಂಟು.

"ನಾಳೆ ಅಮೆರಿಕದ ಮೋಜಣಿದಾರ ಬರ್ತಾನೆ. ಗಡಿಯ ಬಾಂದುಕಲ್ಲೆಲ್ಲಿ ಅಂತ ನಿನ್ನನ್ನೇ ಕೇಳ್ತಾನೆ. ಏನಂತೀಯ?" ಬಸಿಲಿಯೋ ಕೇಳಿದ.

"ಒರತೆ ಬಿಟ್ಟುಬಿಡು, ಕಂಪಾದ್ರೆ. ಕಲ್ಲು ಒರತೆಯಿಂದ ಈಚೆಗೆ, ಮನೆ ಕಡೆಗಿತ್ತು ಅಂತಾನಲ್ಲ ಆ ಗುಡಾರದ ಪ್ರೂಯಿಟ್, ಹೂಂ ಅಂದ್ಬಿಡು. ಹಾಳಾಗಿ ಹೋಗ್ಲಿ ನೀರು."

"ದನಗಳಿಗೇನು ನಿನ್ನ ಬೆವರು ಕುಡಿಸ್ಲಾ?"

"ಬಾವಿ ತೋಡು. ಆಚೆ ಕಲ್ಲು ಮಾತ್ರ ನನ್ನ ಕೈಲಿ ತೋರಿಸ್ಬೇಡ. ತೋರಿಸಿದ್ರೆ ಈ ಮನೇಲಿ ನೀನು ನಿದ್ದೆ ಮಾಡೋದಿಲ್ಲ."

ಉಪ್ಪು ತಿಂದವನ ಬಾಯಲ್ಲೇ ಬೆದರಿಕೆ. ಬಸಿಲಿಯೋಗೆ ಎದೆ ಉರಿಯಿತು.

ಕ್ಯಾಲಿಫೋರ್ನಿಯಾ ಇನ್ನೂ ಮೆಕ್ಸಿಕೋದವರ ಕೈಯಲ್ಲಿದ್ದಾಗ ಗವರ್ನರು ಕೊಟ್ಟ ನೆಲ ಇದು. ಒರತೆಯ ಬಳಿಯ ಕಲ್ಲಿನಿಂದ ಪಡುವಣಕ್ಕೆ ಒಂದು ಹರದಾರಿ. ಇಬ್ಬರು ಸವಾರರು ಹಸಿಚರ್ಮದ ಹಗ್ಗದ ಎರಡು ತುದಿ ಹಿಡಿದು ಕುದುರೆ ಓಡಿಸುತ್ತಾ ಅಳೆದಿದ್ದರು. ಒಬ್ಬ ಸತ್ತು ಮಣ್ಣಾಗಿದ್ದ. ಉಳಿದವನು ಕಸಿಮಿರೋ. ಆ ಮುಂಜಾನೆ ಹಗ್ಗದಿಂದ ನೀರು ತೊಟ್ಟಿಕ್ಕುತ್ತಿತ್ತು, ಮಂಜು ಬಿದ್ದಿರಬೇಕು ಎಂದು ಯಾರೋ ನಕ್ಕಿದ್ದರು. ಬಸಿಲಿಯೋಗೆ ಅದೆಲ್ಲ ನೋಡುವ ಪುರುಸೊತ್ತೆಲ್ಲಿ? ನೆಲ ವಶಕ್ಕೆ ಪಡೆಯುವ ರೂಢಿಯಂತೆ ಹುಲ್ಲು ಕಿತ್ತ, ನಾಲ್ಕು ದಿಕ್ಕಿಗೂ ಮಣ್ಣು ಎರಚಿದ, ಸಂತೋಷಕ್ಕೆ ಅತ್ತುಬಿಟ್ಟ. ಪಡುವಣದ ಅಂಚಿನಲ್ಲಿ ಓಕ್ ಮರಗಳ ನೆರಳು ನೋಡಿ ಮನೆ ಕಟ್ಟಿದ. ಮಕ್ಕಳು ಅಲ್ಲೇ ಹುಟ್ಟಿದರು, ಇಬ್ಬರನ್ನು ಅದರ ಹಿತ್ತಿಲಲ್ಲೇ ಹೂಳಿದ.

ಈಗ ದೇಶ ಅಮೆರಿಕದವರದು. ಹಳೆಯ ಒಡೆಯರೆಲ್ಲ ತಮ್ಮ ನೆಲ ತಮ್ಮದೆಂದು ರುಜುವಾತು ಮಾಡಬೇಕು. ಕಳೆದ ಚಳಿಗಾಲದಲ್ಲಿ ಪ್ರೂಯಿಟ್ ಬಂಡಿ ಹೊಡೆದುಕೊಂಡು ಬಂದು ಒರತೆಯ ಪಕ್ಕ ಠಿಕಾಣಿ ಹೂಡಿದ. ಇದಕ್ಕೆ ಮುಂಚೆ ಅವನಿದ್ದ ಕಣಿವೆಯಲ್ಲಿ ಹಳೆಯ ಮನೆತನವೊಂದು ಗಂಟುಮೂಟೆ ಕಟ್ಟಿತ್ತು ಎಂದು ಸುದ್ದಿ. ಏಕೆಂದು ಯಾರಿಗೂ ಸರಿಯಾಗಿ ತಿಳಿಯದು. ವಿಚಿತ್ರವೆಂದರೆ ಅವನು ಒಂದು ಗುಡಿಸಲು ಕಟ್ಟಲಿಲ್ಲ, ಒಂದು ಸಾಲು ಉಳಲಿಲ್ಲ. ಬರೀ ಗುಡಾರ. ಅದರ ಮುಂದೆ ಕೂತು ಹೋಗಿಬರುವವರಿಗೆ ಮುಗುಳ್ನಗುತ್ತಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಿದ್ದ ಬಸಿಲಿಯೋ.

"ಎಷ್ಟು ಕೊಟ್ಟ ಪ್ರೂಯಿಟ್?"

"ಒಂದು ಕಾಸೂ ಇಲ್ಲ. ಕಂಪಾದ್ರೆ, ಆವತ್ತು ಬೆಳಿಗ್ಗೆ..."

ಬಂದೂಕಿನ ಮೂತಿ ಮೇಲೆದ್ದಿತು. "ಇನ್ನೊಂದು ಮಾತು ಆಡಿದ್ರೆ ನನ್ನ ಮಗನಿಗೆ ಹೆಸರಿಡಿಸಿದವನು ಅನ್ನೋದನ್ನೂ ನೋಡೋದಿಲ್ಲ. ನಾಳೆ ಕಲ್ಲು ತೋರಿಸ್ತೀಯ, ಅಷ್ಟೇ."

ಮುದುಕನ ಕಣ್ಣಲ್ಲಿ ನೀರು ತುಂಬಿತ್ತು. ಬಸಿಲಿಯೋ ಅದನ್ನು ನಾಚಿಕೆ ಎಂದು ತಿಳಿದ.

ಮಾರನೆಯ ದಿನ ಮೋಜಣಿದಾರ ಕಬ್ಬಿಣದ ಸರಪಳಿ ಹೊತ್ತ ಆಳುಗಳೊಂದಿಗೆ ಬಂದ. ಬೆನ್ನ ಹಿಂದೆ ಬಸಿಲಿಯೋನ ಬಂದೂಕು ಇದ್ದುದರಿಂದ ಕಸಿಮಿರೋ ಒರತೆ ದಾಟಿ ಹೋದ, ಒಣಹುಲ್ಲು ಸರಿಸಿದ. ಶಿಲುಬೆ ಕೆತ್ತಿದ ಕಲ್ಲು ಅಲ್ಲೇ ಇತ್ತು.

"ನಿನ್ನದೇನಾದರೂ ತಕರಾರು?" ಮೋಜಣಿದಾರ ಪ್ರೂಯಿಟ್‌ನನ್ನು ಕೇಳಿದ.

ಪ್ರೂಯಿಟ್ ಟೋಪಿ ತೆಗೆದ. "ಇಲ್ಲ ಸ್ವಾಮಿ. ಕಲ್ಲು ಇದೇ." ಆಮೇಲೆ ಗುಡಾರದ ಗೂಟ ಕೀಳತೊಡಗಿದ.

ಬಸಿಲಿಯೋ ಎಷ್ಟೋ ತಿಂಗಳಲ್ಲಿ ಮೊದಲ ಸಲ ಬಾಯ್ತುಂಬ ನಕ್ಕ. ಒರತೆ ಉಳಿಯಿತು, ದನ ಉಳಿದವು, ಮಕ್ಕಳಿಗೆ ನೆಲ ಉಳಿಯಿತು. ಸರಪಳಿ ಪಡುವಣಕ್ಕೆ ಹೊರಟಿತು. ಹಿಂದೆಯೇ ಪ್ರೂಯಿಟ್‌ನ ಬಂಡಿ ನಿಧಾನವಾಗಿ ಬರುತ್ತಿತ್ತು. ಬೇರೆ ದಾರಿಯಿಲ್ಲವಲ್ಲ, ತೊಲಗಲಿ ಎಂದು ಬಸಿಲಿಯೋ ತಿರುಗಿ ನೋಡಲಿಲ್ಲ.

ಹೊತ್ತು ಇಳಿಯುವಾಗ ಮೋಜಣಿದಾರ ಕೈ ಎತ್ತಿದ. ಆಳು ನೆಲಕ್ಕೆ ಗೂಟ ಬಡಿದ.

"ಒಂದು ಹರದಾರಿ ಮುಗೀತು."

ಓಕ್ ಮರಗಳು ಇನ್ನೂ ಮುಂದಿದ್ದವು. ಅವುಗಳ ಕೆಳಗೆ ಮನೆ. ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು.

"ತಪ್ಪಾಗಿದೆ," ಎಂದ ಬಸಿಲಿಯೋ. "ಮತ್ತೆ ಅಳೆ."

"ಕಬ್ಬಿಣ ಹಿಗ್ಗೋದಿಲ್ಲ, ದೋನ್. ಒರತೆಯ ಈಚೆಯಿಂದ ಅಳೆಯೋಕೆ ಶುರು ಮಾಡಿದ್ರೆ ಮನೆ ಒಳಗೇ ಬರ್ತಿತ್ತು. ಆಚೆ ಕಲ್ಲು ಅಂತ ಹಟ ಹಿಡಿದವರು ನೀವು. ಗೂಟದಿಂದ ಮುಂದೆ ಸರ್ಕಾರಿ ನೆಲ. ಅದಕ್ಕೆ ಆಗಲೇ ಒಬ್ಬರು ಅರ್ಜಿ ಹಾಕಿದ್ದಾರೆ."

ಕಸಿಮಿರೋ ಗೂಟದ ಪಕ್ಕ ಕುಸಿದು ಕೂತಿದ್ದ. "ರಾತ್ರಿಯೆಲ್ಲ ಹಗ್ಗ ಹಳ್ಳದಲ್ಲಿ ನೆನೆಸಿಟ್ಟಿದ್ದೆ ಕಂಪಾದ್ರೆ. ನೆಂದ ಚರ್ಮ ಎಳೆದಷ್ಟೂ ಬರುತ್ತೆ. ಹರದಾರಿಗಿಂತ ನಿನಗೆ ಒಂದಿಷ್ಟು ನೆಲ ಹೆಚ್ಚಿಗೆ ಸಿಗ್ಲಿ ಅಂತ ಮಾಡಿದ್ದು. ನಿನ್ನೆ ಹೇಳೋಕೆ ಬಂದ್ರೆ ನೀನು ಕೇಳ್ಲಿಲ್ಲ."

ಪ್ರೂಯಿಟ್‌ನ ಬಂಡಿ ಅವರನ್ನು ದಾಟಿ, ಹೆದ್ದಾರಿಯ ಕಡೆ ತಿರುಗದೆ, ನೇರ ಓಕ್ ಮರಗಳತ್ತ ಹೋಯಿತು. ಪ್ರೂಯಿಟ್ ಇಳಿದು, ಬಾಗಿಲಲ್ಲಿ ನಿಂತಿದ್ದ ಬಸಿಲಿಯೋನ ಹೆಂಡತಿಯ ಮುಂದೆ ವಿನಯದಿಂದ ಟೋಪಿ ತೆಗೆದ.

"ಅವಸರ ಏನಿಲ್ಲಮ್ಮ. ಹಿಂದಿನ ಕಣಿವೆಯವರಿಗೂ ಒಂದು ವಾರ ಟೈಮ್ ಕೊಟ್ಟಿದ್ದೆ."