ಕೃಷ್ಣಸ್ವಾಮಿಯವರ ಕೊಕ್ಕೆ

ರುಬ್ಬುವ ಮಿಷನ್ನಿನ ಅಡಿಗೆ ತಲೆ ತೂರಿಸಿದ್ದ ಕೃಷ್ಣಸ್ವಾಮಿಯವರು ನಿಧಿ ಸಿಕ್ಕವರಂತೆ ಹೊರಬಂದರು. ಕೋಟಿನ ತೋಳಿಗೆ ಗ್ರೀಸು ಮೆತ್ತಿತ್ತು. ಮುಖದ ತುಂಬ ನಗು.

"ಇದೆ. ಕೊಕ್ಕೆ ಇದೆ!"

"ಇರದೆ ಎಲ್ಲಿಗೆ ಹೋಗತ್ತೆ ಸ್ವಾಮಿ?" ಎಂದಳು ಆಂಜನಮ್ಮ. "ಕೊಕ್ಕೆ ಇಲ್ದಿದ್ರೆ ಕಲ್ಲನ್ನ ಓರೆ ಮಾಡಿ ನಿಲ್ಸೋದು ಹೇಗೆ? ಹಿಟ್ಟು ಬಳ್ಕೊಳ್ಳೋದು ಹೇಗೆ?"

ಅದು ೧೯೭೪. ಹಲಸೂರಿನ ಶೆಡ್ಡೊಂದರಲ್ಲಿ ಆಂಜನಮ್ಮ ಹೋಟೆಲುಗಳಿಗೆ ಗ್ರೈಂಡರ್ ಮಾಡಿಕೊಡುತ್ತಿದ್ದಳು. ಶುರುವಾಗಿ ವರ್ಷವೂ ತುಂಬಿರಲಿಲ್ಲ.

ಕೃಷ್ಣಸ್ವಾಮಿಯವರ ಕಂಪನಿಯ ಹೆಸರು ಪ್ರಗತಿ ಇನ್ವೆನ್ಷನ್ಸ್. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಟೈಪ್‌ರೈಟರ್. ಕಂಪನಿ ಒಂದು ಗುಂಡುಸೂಜಿಯನ್ನೂ ತಯಾರಿಸುತ್ತಿರಲಿಲ್ಲ. ಯಾರೋ ಕಂಡುಹಿಡಿದು ಮೂಲೆಗೆಸೆದ ಪೇಟೆಂಟುಗಳನ್ನು ಕೊಳ್ಳುವುದು, ಆ ವಸ್ತುವನ್ನು ಬೆವರು ಸುರಿಸಿ ತಯಾರಿಸುವವರ ಮೇಲೆ ನೋಟೀಸು ಬಿಡುವುದು. ಇದೇ ಅಲ್ಲಿಯ ಉತ್ಪಾದನೆ. ಈ ಉತ್ಪಾದನೆಯಿಂದಲೇ ಇಂದಿರಾನಗರದಲ್ಲಿ ಅವರ ಹೊಸ ಮನೆ ಏಳುತ್ತಿತ್ತು.

ಕೊಕ್ಕೆಯ ಪೇಟೆಂಟನ್ನು ಅವರಿಗೆ ಮಾರಿದವನು ಮುನಿಆಂಜನಪ್ಪ. ಕೆ.ಆರ್. ಪುರದ ವರ್ಕ್‌ಶಾಪೊಂದರಲ್ಲಿ ಲೇತ್ ಕೆಲಸ ಅವನದು. ಯಾರೋ ಹೇಳಿದರೆಂದು ಹಿಂದೊಮ್ಮೆ ಕಲ್ಕತ್ತಾದ ಪೇಟೆಂಟ್ ಆಫೀಸಿಗೆ ಅರ್ಜಿ ಹಾಕಿ ಅದನ್ನು ತರಿಸಿಕೊಂಡಿದ್ದ. ಅದರಿಂದ ನಾಲ್ಕಾಣೆಯೂ ಹುಟ್ಟಿರಲಿಲ್ಲ. ಕೃಷ್ಣಸ್ವಾಮಿಯವರು ಹುಡುಕಿಕೊಂಡು ಹೋದಾಗ ತುಂಬ ಚೌಕಾಸಿ ಮಾಡಿದ. ಕೊನೆಗೆ ಅವರು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಕಿತ್ತುಕೊಂಡಿದ್ದ. ಹೋಗಲಿ, ಅದರ ಹತ್ತರಷ್ಟು ಹಲಸೂರು, ಶಿವಾಜಿನಗರಗಳಲ್ಲೇ ಹುಟ್ಟುತ್ತದೆಂಬ ಲೆಕ್ಕ ಅವರದು.

"ಒಂದೊಂದು ಮಿಷನ್ನಿಗೆ ಐವತ್ತು ರೂಪಾಯಿ ರಾಯಲ್ಟಿ ಕೊಡ್ಬೇಕಾಗತ್ತಮ್ಮಾ. ಇಲ್ದಿದ್ರೆ ಕೋರ್ಟು."

ಆಂಜನಮ್ಮ ಹೆದರಲಿಲ್ಲ. ಕಾಫಿ ತರಿಸಿದಳು.

"ಶೆಡ್ಡೇನೋ ಚೆನ್ನಾಗಿ ಮಾಡಿದೀರಿ," ಎಂದರು ಕೃಷ್ಣಸ್ವಾಮಿ, ಕಾಫಿ ಹೀರುತ್ತ.

"ಎಲ್ಲಾ ನಿಮ್ಮ ದಯೆ ಸ್ವಾಮಿ."

ಈ ವಿನಯ ಅವರಿಗೆ ಮೆಚ್ಚಿಗೆಯಾಯಿತು. ಹಣ ಮಾತ್ರ ಬರಲಿಲ್ಲ.

ಉಳಿದವರ ಪಾಡು ಬೇರೆ. ನೋಟೀಸು ಗ್ರೈಂಡರ್ ಮಾಡುವವರಿಗಷ್ಟೇ ಅಲ್ಲ, ಕೊಂಡ ಹೋಟೆಲುಗಳಿಗೂ ಹೋಯಿತು. ಇಡ್ಲಿ ಬೇಯಿಸಿದ ತಪ್ಪಿಗೆ ಕೋರ್ಟು ಹತ್ತುವ ಆಸೆ ಯಾವ ಹೋಟೆಲಿನವನಿಗೂ ಇರಲಿಲ್ಲ. ಆರ್ಡರುಗಳು ನಿಂತವು. ಫ್ರೇಜರ್ ಟೌನಿನ ಸಂಜೀವಪ್ಪ ಹಟಕ್ಕೆ ಬಿದ್ದು ಕೊಕ್ಕೆಯಿಲ್ಲದ ಮಿಷನ್ ಮಾಡಿದ. ಅದರ ಕಲ್ಲು ಬಗ್ಗಿಸಲು ಇಬ್ಬರು ಪೈಲ್ವಾನರು ಬೇಕಾದರು. ಅವನ ಅಂಗಡಿಗೆ ಬೀಗ ಬಿತ್ತು. ಶಿವಾಜಿನಗರದ ಸನಾವುಲ್ಲಾ ಮೂವರು ಕೆಲಸಗಾರರನ್ನು ಮನೆಗೆ ಕಳಿಸಿ, ರಾಯಲ್ಟಿಗೆ ಸಹಿ ಹಾಕಿ, ಸಪ್ಪೆ ಮುಖದಲ್ಲಿ ಹಲಸೂರಿಗೆ ಬಂದ.

"ಅಕ್ಕಾ, ನೀನೂ ಹಾಕ್ಬಿಡು. ವಕೀಲರ ಫೀಸಿಗಿಂತ ಇದೇ ಸಸ್ತಾ."

"ಆ ಕೊಕ್ಕೆ ಪೇಟೆಂಟಿಗೆ ಮುಂಚೇನೇ ಊರಲ್ಲಿತ್ತು ಕಣಪ್ಪಾ."

"ಇತ್ತು ಅಂತ ಹೇಳೋರು ಯಾರಕ್ಕಾ?"

"ಸಿಗ್ತಾರೆ ಬಿಡು."

ಪ್ರಗತಿ ಇನ್ವೆನ್ಷನ್ಸ್ ಆಂಜನಮ್ಮನ ಮೇಲೆ ದಾವೆ ಹೂಡಿತು. ಅವಳ ವಕೀಲ ವೆಂಕಟಾಚಲ, ಮೊದಲೇ ಎಲ್ಲರೂ ಬಳಸುತ್ತಿದ್ದ ವಸ್ತುವಿಗೆ ಪೇಟೆಂಟ್ ನಿಲ್ಲುವುದಿಲ್ಲ ಎಂದು ವಾದಿಸಿದರು. ವಾದ ಚೆನ್ನಾಗಿತ್ತು. ಸಾಕ್ಷಿ ಇರಲಿಲ್ಲ.

"ಒಬ್ಬರನ್ನಾದ್ರೂ ಕರ್ಕೊಂಡು ಬನ್ನಿ ಅಮ್ಮಾ," ಎಂದು ಗೋಗರೆದರು.

"ನಾನು ಕರ್ಕೊಂಡ್ಬಂದ್ರೆ ಯಾರು ನಂಬ್ತಾರೆ ಸಾರ್? ಅವರೇ ಕರ್ಕೊಂಡ್ಬರ್ಲಿ."

ಕಕ್ಷಿದಾರಳಿಗೆ ತಲೆ ಕೆಟ್ಟಿದೆ ಎಂದುಕೊಂಡರು ವೆಂಕಟಾಚಲ.

ಅತ್ತ ಕೃಷ್ಣಸ್ವಾಮಿಯವರು ಕೇಸಿಗೆ ಕೊನೆಯ ಮೊಳೆ ಹೊಡೆಯಲು ಕೆ.ಆರ್. ಪುರಕ್ಕೆ ಹೋದರು.

"ಕೊಕ್ಕೆ ಕಂಡುಹಿಡಿದೋನು ನೀನೇ ತಾನೆ?"

"ನಾನೇ ಸ್ವಾಮಿ," ಎಂದ ಮುನಿಆಂಜನಪ್ಪ.

"ಕೋರ್ಟಲ್ಲಿ ಬಂದು ಹೇಳ್ತೀಯಾ?"

"ಹೇಳ್ತೀನಿ. ಆದ್ರೆ ಪ್ರಮಾಣ ಮಾಡಿದ್ಮೇಲೆ ಕೇಳಿದ್ದಕ್ಕೆಲ್ಲಾ ನಿಜಾನೇ ಹೇಳೋನು ನಾನು."

"ನನಗೆ ಬೇಕಾಗಿರೋದೂ ಅದೇ ಕಣಯ್ಯಾ!"

ಹೊಸ ಪಂಚೆ ಕೊಡಿಸಿ, ಟ್ಯಾಕ್ಸಿಯಲ್ಲಿ ಕೂರಿಸಿ, ಮದುವಣಿಗನಂತೆ ಕರೆತಂದರು.

ಕಟಕಟೆಯಲ್ಲಿ ಮುನಿಆಂಜನಪ್ಪ ಕೊಕ್ಕೆ ತನ್ನದೇ ಎಂದು ಸ್ಪಷ್ಟವಾಗಿ ಹೇಳಿದ. ಕೃಷ್ಣಸ್ವಾಮಿಯವರು ಕಾಲ ಮೇಲೆ ಕಾಲು ಹಾಕಿಕೊಂಡರು. ವೆಂಕಟಾಚಲ ಏನಾದರೂ ಕೇಳಬೇಕಲ್ಲ ಎಂದು ಎದ್ದು ನಿಂತರು.

"ಯಾವಾಗ ಕಂಡುಹಿಡಿದ್ರಿ?"

"ಐವತ್ತೆಂಟರಲ್ಲಿ."

"ಪೇಟೆಂಟಿಗೆ ಅರ್ಜಿ ಹಾಕಿದ್ದು?"

"ಅರವತ್ತೆರಡರಲ್ಲಿ."

ವೆಂಕಟಾಚಲರ ಬೆನ್ನು ನೆಟ್ಟಗಾಯಿತು. "ಮಧ್ಯೆ ಕೊಕ್ಕೆಯನ್ನ ಬಚ್ಚಿಟ್ಟಿದ್ರಾ?"

"ಯಾಕೆ ಬಚ್ಚಿಡ್ಲಿ ಸ್ವಾಮಿ? ಹಲಸೂರು ಮಾರ್ಕೆಟ್ ಹತ್ರ ಅಂಗಡಿ ಬಾಗಿಲಲ್ಲೇ ಮಿಷನ್ ಇಟ್ಟು ದೋಸೆ ಹಿಟ್ಟು ರುಬ್ಬಿ ಮಾರ್ತಿದ್ದೆ. ಕೊಕ್ಕೆ ನೋಡೋಕೇ ಜನ ನಿಲ್ತಿದ್ರು. ಕೇಳಿದ ಹೋಟೆಲಿನೋರಿಗೆಲ್ಲಾ ಮಾಡ್ಕೊಟ್ಟಿದೀನಿ. ಅವರ ಹೆಸರೂ ಹೇಳ್ಲಾ?"

ಹೇಳಿದ. ಆ ಹೋಟೆಲಿನವರೂ ಬಂದು ಹೌದೆಂದರು. ಸ್ವತಃ ಕಂಪನಿಯ ಸಾಕ್ಷಿಯೇ ಹೇಳಿದ ಮೇಲೆ ಕಂಪನಿಯ ವಕೀಲರಿಗೆ ಕೆಮ್ಮುವುದು ಬಿಟ್ಟು ಬೇರೆ ಕೆಲಸ ಉಳಿಯಲಿಲ್ಲ.

ಪೇಟೆಂಟ್ ರದ್ದಾಯಿತು. ತೀರ್ಪಿನ ದಿನ ಸನಾವುಲ್ಲಾ ಕೋರ್ಟಿನ ವರಾಂಡದಲ್ಲೇ ವೆಂಕಟಾಚಲರನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದು ತನ್ನ ಮೂವರಿಗೂ ಹೇಳಲು ಓಡಿದ. ಆಂಜನಮ್ಮ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಕೃಷ್ಣಸ್ವಾಮಿಯವರು ಮುನಿಆಂಜನಪ್ಪನ ಹೊಸ ಪಂಚೆಯನ್ನೇ ಹಿಡಿದು ಜಗ್ಗಿದರು. "ಕೆಲಸಕ್ಕೆ ಬಾರದ ಪೇಟೆಂಟ್ ಮಾರಿದೀಯಲ್ಲಯ್ಯಾ! ನನ್ನ ದುಡ್ಡು ಎಲ್ಲಿ?"

"ಅದು ಆಗ್ಲೇ ಖರ್ಚಾಗೋಯ್ತಲ್ಲಾ ಸ್ವಾಮಿ," ಎಂದ ಮುನಿಆಂಜನಪ್ಪ, ಪಂಚೆ ಬಿಡಿಸಿಕೊಳ್ಳುತ್ತ ಬೆಂಚಿನ ಕಡೆ ಕೈ ತೋರಿಸಿ, "ನನ್ನ ಹೆಂಡ್ತಿ ಗ್ರೈಂಡರ್ ಶೆಡ್ಡು ಹಾಕ್ಕೊಂಡ್ಳು."