ಹೊಗೆ ಬರದೆ ಇನ್ನೇನು?

ಊದುಬತ್ತಿ ಕಾರ್ಖಾನೆಯಲ್ಲಿ ಬೆಂಕಿ ಎಚ್ಚರಿಕೆಯ ಗಂಟೆ ಬಾರಿಸಿದರೂ ಒಬ್ಬರೂ ಕೂತಲ್ಲಿಂದ ಕದಲಲಿಲ್ಲ. ಪರೀಕ್ಷೆಗೆಂದು ಅದನ್ನು ಬಾರಿಸಿದ್ದ ಹೊಸ ಸುರಕ್ಷತಾ ಅಧಿಕಾರಿ ಕೆಂಡಾಮಂಡಲವಾದ.

“ಬೆಲ್ ಕೇಳಿಸಲಿಲ್ವಾ? ಹೊಗೆ ಬಂದ್ರೂ ಹೀಗೇ ಕೂತಿರ್ತೀರಾ?”

“ಊದುಬತ್ತಿ ಫ್ಯಾಕ್ಟ್ರೀಲಿ ಹೊಗೆ ಬರ್ದೆ ಇನ್ನೇನ್ ಸಾರ್ ಬತ್ತದೆ?” ಎಂದಳು ಪ್ಯಾಕಿಂಗ್ ವಿಭಾಗದ ಚಿಕ್ಕತಾಯಮ್ಮ. ಎಲ್ಲರೂ ಕಿಸಕ್ಕೆಂದರು.

“ಈ ಉಡಾಫೆಯೇ ಒಂದಿನ ನಿಮ್ಮನ್ನ ಸುಡುತ್ತೆ, ನೋಡ್ತಿರಿ!”

ಆಮೇಲೆ ಅವನು ಬಿಡಲೇ ಇಲ್ಲ. ಊಟದ ಹೊತ್ತು, ಟೀ ಹೊತ್ತು ಎನ್ನದೆ ಗಂಟೆ ಬಾರಿಸಿ ಎಲ್ಲರನ್ನೂ ಬಯಲಿಗೆ ಓಡಿಸಿದ. ಕೊನೆಗೆ, ಸದ್ದಾದರೆ ಸಾಕು, ಹೆಂಗಸರು ಕೈಲಿದ್ದ ಕಟ್ಟು ಬಿಸುಟು ಓಡುವಂತಾದರು.

ಇವತ್ತೂ ಗಂಟೆ ಬಾರಿಸಿದ್ದೇ ಹಾಗೆಯೇ ಓಡಿದರು. ಬಯಲಲ್ಲಿ ನೋಡಿದರೆ ಅಧಿಕಾರಿಯೊಬ್ಬನೇ ಇಲ್ಲ. ಚಿಕ್ಕತಾಯಮ್ಮ ಹೋಗಿ ಅವನ ಕೋಣೆಯ ಕಿಟಕಿ ಬಡಿದಳು.

“ಸಾರ್, ಬೇಗ ಈಚೆಗ್ ಬನ್ನಿ! ಗೋಡೌನ್ ಕಡೆಯಿಂದ ಹೊಗೆ ಬತ್ತಾ ಅದೆ!”

ಅವನು ಮೊಬೈಲಿನಿಂದ ತಲೆ ಎತ್ತದೆ ನಕ್ಕ.

“ಇವತ್ತು ಬೆಲ್ ನಾನು ಹೊಡೆಸೇ ಇಲ್ಲಮ್ಮ, ಎಲ್ಲ ಒಳಗೆ ಹೋಗಿ ಕೆಲಸ ನೋಡಿ. ಊದುಬತ್ತಿ ಫ್ಯಾಕ್ಟರೀಲಿ ಹೊಗೆ ಬರದೆ ಇನ್ನೇನು ಬರುತ್ತೆ?”